ಹಗೇವಿನೊಳಗಿನ ಕಂದೀಲು

ಕಂದೀಲು ಉರಿಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ನಮ್ಮ ಅಂಗಳಕ್ಕೆ ಬಂದವರೆಲ್ಲ, ಪೇಪರಿನವರು, ಜಿಲ್ಲಾ ಆಫೀಸಿನವರು, ಬೆಂಗಳೂರಿನಿಂದ ಬಂದ ತನಿಖೆಯವರು, ಒಂದೇ ಮಾತು ಕೇಳಿದರು: ಹಗೇವಿಗೆ ಇಳಿಯುವ ಮುಂಚೆ ದೀಪ ಬಿಟ್ಟು ನೋಡಲಿಲ್ಲವೇ? ನೋಡಿದ್ದರು ಸ್ವಾಮಿ. ಜೋಳದ ರೊಟ್ಟಿ ತಿಂದು ಬೆಳೆದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹಗೇವು ಅಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಸಣ್ಣ ಕೋಣೆಯಷ್ಟು. ಒಳಗೆ ಸುತ್ತಲೂ ಕಣಕಿ, ಅಂದರೆ ಒಣಗಿದ ಜೋಳದ ದಂಟು ಒತ್ತಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಗಟ್ಟಲೆ ಇರುತ್ತದೆ. ಆದರೆ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂಡುತ್ತದೆ. ಅದಕ್ಕೆ ಬಾಯಿ ತೆಗೆದು ಒಂದಿಷ್ಟು ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಾರೆ. ಆರಿದರೆ ಯಾರೂ ಇಳಿಯುವುದಿಲ್ಲ. ಉರಿದರೆ ಇಳಿಯುತ್ತಾರೆ. ನಮ್ಮ ಮಾವನ ಅಜ್ಜನ ಕಾಲದಿಂದ ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ನಾನು ಮಹಾನಂದಾ ಅವಟಿ. ಕರಿಮಟ್ಟಿ ಉಷ್ಣ ವಿದ್ಯುತ್ ಕೇಂದ್ರದಲ್ಲಿ ಕೆಮಿಸ್ಟ್. ಕರಿಮಟ್ಟಿ ನನ್ನ ಗಂಡನ ಊರು. ನಮ್ಮ ಮನೆಯ ಹಿತ್ತಲಲ್ಲಿ ನಿಂತರೆ ಚಿಮಣಿ ಕಾಣುತ್ತದೆ. ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ, ಸುಟ್ಟಾಗ ಅದು ಸಲ್ಫರ್ ಡೈ ಆಕ್ಸೈಡ್ ಎಂಬ ಅನಿಲವಾಗಿ ಹೊಗೆಯ ಜೊತೆ ಹೊರಬೀಳುತ್ತದೆ. ಗಾಳಿ ಊರಿನ ಕಡೆ ತಿರುಗಿತೆಂದರೆ ಪಕ್ಕದ ಮನೆಯಲ್ಲಿ ಒಣಮೆಣಸಿನಕಾಯಿ ಹುರಿದ ಹಾಗೆ ಗಂಟಲಿಗೆ ಘಾಟು. ಅದನ್ನು ತಡೆಯುವ ಯಂತ್ರ ಕೂರಿಸಲು ಕೊಟ್ಟ ವಾಯಿದೆ ಮುಂದಕ್ಕೆ ಹೋಗುತ್ತಲೇ ಇತ್ತು. ಊರಿನಲ್ಲಿ ಕೆಮ್ಮದ ಮನೆ ಇರಲಿಲ್ಲ.

ನಮ್ಮ ಮನೆಯಲ್ಲಿ ಕೆಮ್ಮುತ್ತಿದ್ದದ್ದು ನಮ್ಮ ಅತ್ತೆ ನಿಂಬೆವ್ವ. ಸಣ್ಣ ಜೀವ, ಬಾಯಿ ಮಾತ್ರ ದೊಡ್ಡದು. ಒಂದು ಕಾಲಕ್ಕೆ ಓಣಿಯ ಯಾರ ಮನೆಯ ಹಗೇವು ತೆಗೆದರೂ ಇಳಿಯಲು ಕರೆಯುತ್ತಿದ್ದದ್ದು ಆಕೆಯನ್ನೇ. ಬೆಕ್ಕಿನ ಹಾಗೆ ಇಳಿದು ಚೀಲ ತುಂಬಿ ಕಳಿಸುತ್ತಿದ್ದಳಂತೆ. ದಮ್ಮು ಅಂಟಿಕೊಂಡ ಮೇಲೆ ಪಡಸಾಲೆಯಿಂದ ಹಿತ್ತಲಿಗೆ ಹೋಗುವುದರಲ್ಲಿ ಎರಡು ಕಡೆ ಕೂರುತ್ತಿದ್ದಳು. ಮಾತಿನ ನಡುವೆ ಉಸಿರು ಸಿಕ್ಕದೆ ಆಕೆ ಗೋಡೆ ಹಿಡಿದು ನಿಂತಾಗ, ಆ ಹೊಗೆ ಬಿಡುವ ಕಡೆಯೇ ಸಂಬಳ ತೆಗೆದುಕೊಳ್ಳುವ ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ಸಿಟ್ಟು ಬಂದಾಗ ಆಕೆಯೂ ಬಿಡುತ್ತಿರಲಿಲ್ಲ. ನಿಮ್ಮ ಕಂಪನಿ ಕರೆಂಟ್ ಕೊಟ್ಟು ನನ್ನ ಉಸಿರು ಕಸಿಯಿತು ಎನ್ನುತ್ತಿದ್ದಳು.

ಅಂಥ ಹೊತ್ತಿನಲ್ಲಿ ಬಂದವರು ಡಾಕ್ಟರ್ ಕೌಂಡಿನ್ಯ. ಮೈಸೂರಿನವರು, ಸೂಕ್ಷ್ಮಜೀವಿ ವಿಜ್ಞಾನಿ. ಎಲ್ಲ ಕಡೆಯ ಹಾಗೆ ಸುಣ್ಣದ ಕಲ್ಲಿನಿಂದ ಹೊಗೆ ತೊಳೆಯುವುದು ಬೇಡ, ಅದರಿಂದ ಬೀಳುವ ಜಿಪ್ಸಮ್ಮಿನ ಗುಡ್ಡ ಬೇಡ, ಗಂಧಕವನ್ನು ಜೀವಿಗಳ ಕೈಯಿಂದಲೇ ತಿನ್ನಿಸೋಣ ಎಂದರು. ಅವರು ಕಟ್ಟಿಸಿದ್ದಕ್ಕೆ ಜೀವಗೋಪುರ ಎಂದು ಹೆಸರು. ಹೊಗೆ ಚಿಮಣಿಗೆ ಹೋಗುವ ಮುಂಚೆ ಗೋಪುರದೊಳಗೆ ಸೋಡಾ ನೀರಿನ ಮಳೆಯಲ್ಲಿ ಹಾಯುತ್ತದೆ. ಗಂಧಕದ ಅನಿಲ ಆ ನೀರಿನಲ್ಲಿ ಕರಗಿ ಕೆಳಗಿನ ಎರಡು ಮುಚ್ಚಿದ ತೊಟ್ಟಿಗಳಿಗೆ ಇಳಿಯುತ್ತದೆ. ಮೊದಲನೇ ತೊಟ್ಟಿಯ ಜೀವಿಗಳು ಅದನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಅನಿಲ ಅದು, ಕೊಲ್ಲುವ ವಿಷ. ಎರಡನೇ ತೊಟ್ಟಿಯ ಜೀವಿಗಳು ಆ ವಿಷವನ್ನು ತಿಂದು ಹಳದಿ ಗಂಧಕವನ್ನು ಉಳಿಸುತ್ತವೆ. ಸೊಸೆ ಕುದಿಸಿದ್ದನ್ನು ಅತ್ತೆ ಸದ್ದಿಲ್ಲದೆ ಉಣ್ಣುವ ಮನೆ ಇದು ಎಂದು ನಾನು ಚಾಷ್ಟಿ ಮಾಡಿದ್ದೆ. ಹೊರಗೆ ಬರುವುದು ಶುದ್ಧ ಹೊಗೆ, ಮತ್ತೆ ಒದ್ದೆಯಾದ ಹಳದಿ ಮಣ್ಣು. ಅಷ್ಟೇ.

ಗೋಪುರ ಚಾಲೂ ಆದ ದಿನ ಕಂಟ್ರೋಲ್ ರೂಮಿನಲ್ಲಿ ನಾವೆಲ್ಲ ಪರದೆಯ ಮುಂದೆ ಗುಂಪುಗಟ್ಟಿ ನಿಂತಿದ್ದೆವು. ಚಿಮಣಿಯ ಮೀಟರಿನಲ್ಲಿ ಸಾವಿರದ ಮೇಲೆ ಕುಣಿಯುತ್ತಿದ್ದ ಅಂಕಿ ಇಳಿಯಿತು, ಇಳಿಯಿತು, ಸೊನ್ನೆಗೆ ಬಂದು ಕುಳಿತಿತು. ಆಪರೇಟರ್ ಮೌಲಾಲಿ ಮೀಟರ್ ಕೆಟ್ಟಿದೆ ಎಂದುಕೊಂಡು ಇನ್ನೊಂದು ಮೀಟರ್ ತರಿಸಿ ಹಚ್ಚಿದ. ಅದೂ ಸೊನ್ನೆ. ಕೌಂಡಿನ್ಯರ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಸುಳ್ಳು ಯಾಕೆ ಹೇಳಲಿ. ನನಗೆ ನೆನಪಾದದ್ದು ಗೋಡೆ ಹಿಡಿದು ನಿಲ್ಲುವ ಅತ್ತೆ.

ಮಳೆಗಾಲ ಮುಗಿಯುವಷ್ಟರಲ್ಲಿ ಊರು ಬದಲಾಗಿತ್ತು. ತಂತಿಯ ಮೇಲೆ ಒಣಹಾಕಿದ ಬಟ್ಟೆಗೆ ಘಾಟು ಹತ್ತುತ್ತಿರಲಿಲ್ಲ. ಜನ ಮತ್ತೆ ಮಾಳಿಗೆಯ ಮೇಲೆ ಮಲಗತೊಡಗಿದರು. ಅತ್ತೆ ಮೊದಲು ಹಿತ್ತಲಿಗೆ ನಡೆದಳು, ಆಮೇಲೆ ಬಾವಿಕಟ್ಟೆಗೆ, ಆಮೇಲೆ ಓಣಿ ಸುತ್ತಿ ಎಲ್ಲರ ಮನೆಯ ಸುದ್ದಿ ಹೊತ್ತು ಬಂದಳು. ಒಂದು ಮುಂಜಾನೆ ನಾನು ಏಳುವ ಮುಂಚೆಯೇ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಅಡುಗೆಮನೆಗೆ ಓಡಿದೆ. ಒಲೆಯ ಮುಂದೆ ಕೂತು ತಟ್ಟುತ್ತಿದ್ದಳು.

"ಹಿಂಗ್ಯಾಕ ನೋಡ್ತೀ? ಎದಿ ಮ್ಯಾಲಿನ ಕಲ್ಲು ಇಳಿಸಿಟ್ಟಂಗ ಆಗೇತಿ. ನಿಮ್ಮ ಮೈಸೂರು ಸಾಹೇಬರಿಗೆ ಒಂದಿನ ಊಟಕ್ಕ ಕರಿ, ಹೋಳಗಿ ಮಾಡ್ತೀನಿ" ಎಂದಳು.

ಕೌಂಡಿನ್ಯರು ಬಂದು ಹೋಳಿಗೆ ಉಂಡೂ ಹೋದರು. ಅವತ್ತೇ ಊರಿನವರನ್ನು ಸೇರಿಸಿ ಹಳದಿ ಮಣ್ಣಿನ ಬಗ್ಗೆ ಮಾತಾಡಿದರು. ಅದು ಗಂಧಕ, ವಿಷವಲ್ಲ, ರೈತರು ಪುಕ್ಕಟೆ ಒಯ್ಯಬಹುದು. ಜೀವಿಗಳ ಭಯ ಬೇಡ, ತೊಟ್ಟಿಯ ಉಪ್ಪು ಸಿಗದೆ ಹೊರಗೆ ಬದುಕದಂಥ ತಳಿ ಅವು ಎಂದು ಹೇಳಿ, ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ದ್ರಾಕ್ಷಿ ತೋಟದವರು ಬೂದಿ ರೋಗಕ್ಕೆಂದು ಟ್ರ್ಯಾಕ್ಟರ್ ತುಂಬಿಕೊಂಡು ಹೋದರು. ಸುತ್ತಲಿನ ಹಳ್ಳಿಗಳವರೂ ಗೇಟಿನ ಮುಂದೆ ಸಾಲುಗಟ್ಟಿದರು.

ಆದರೆ ಹಗೇವಿಗೆ ಹಾಕಬಹುದೆಂದು ಯಾರು ಮೊದಲು ಕಂಡುಹಿಡಿದರೋ ಗೊತ್ತಿಲ್ಲ. ಗಂಧಕ ಇದ್ದ ಕಡೆ ನುಸಿ ಬರುವುದಿಲ್ಲ, ಇಲಿ ಬರುವುದಿಲ್ಲ. ಅಂಗಡಿಯ ಔಷಧದ ಗುಳಿಗೆ ಬೇಕಿಲ್ಲ. ಕಣಕಿಗೆ ಹಳದಿ ಮಣ್ಣು ಮೆತ್ತಿ ಮೇಲೆ ಜೋಳ ಸುರಿದರಾಯಿತು. ನುಸಿಯ ಕಾಟಕ್ಕೆ ಮುಚ್ಚಿಹೋಗಿದ್ದ ಹಗೇವುಗಳನ್ನೆಲ್ಲ ಆ ವರ್ಷ ಜನ ಮತ್ತೆ ತೋಡಿ ತೆಗೆದರು. ಪ್ಲ್ಯಾಂಟಿನಲ್ಲಿ ನಮಗೂ ಖುಷಿ. ಗುಡ್ಡ ಬೀಳಬೇಕಾದ ಮಣ್ಣು ಸಂಜೆಗೆ ಖಾಲಿ. ಒದ್ದೆ ಮಣ್ಣು, ಕತ್ತಲು, ಗಾಳಿ ಇಲ್ಲದ ಗುಂಡಿ, ಜೊತೆಗೆ ತಿನ್ನಲು ಜೋಳದ ಹಿಟ್ಟುದೂಳು. ಈ ನಾಲ್ಕನ್ನು ಒಂದೇ ಕಡೆ ಇಟ್ಟು ಯೋಚಿಸಿದವರು ನಮ್ಮಲ್ಲಿ ಒಬ್ಬರೂ ಇಲ್ಲ.

ಅತ್ತೆ ನಮ್ಮ ಹಿತ್ತಲಿನ ಹಗೇವಿಗೂ ಮೆತ್ತಿಸಿದಳು, ಅರ್ಧಕ್ಕೆ ಜೋಳ ತುಂಬಿಸಿದಳು. ಉಳಿದ ಮಣ್ಣನ್ನು ಹೊಟ್ಟಿನ ಚೀಲದ ಪಕ್ಕ, ತಾನು ಮಲಗುವ ಕೋಣೆಯ ಮೂಲೆಯಲ್ಲೇ ಇಟ್ಟುಕೊಂಡಳು. ಆಕೆಯ ಕೊರಳಲ್ಲಿ ಲಿಂಗದ ಕರಡಿಗೆ ಇತ್ತು. ತವರಿನವರು ಕೊಟ್ಟ ಬೆಳ್ಳಿಯದು. ಅದು ಕಪ್ಪಾಗತೊಡಗಿತು. ಬೆಳಿಗ್ಗೆ ಪೂಜೆಗೆ ಕೂತಾಗ ವಿಭೂತಿ ಹಚ್ಚಿ ತಿಕ್ಕಿ ಬೆಳ್ಳಗೆ ಮಾಡುವಳು, ಮಾರನೇ ದಿನ ಮತ್ತೆ ಮಸಿ. ನಮ್ಮ ಕಡೆ ಬೆಳ್ಳಿ ಕಪ್ಪಾದರೆ ಮೈಯಲ್ಲಿ ಉಷ್ಣ ಏರಿದೆ ಎನ್ನುತ್ತಾರೆ. ದಮ್ಮು ಹೋದ ಮೇಲೆ ಮೈಗೆ ಕಸುವು ಬಂದು ಉಷ್ಣ ಹೆಚ್ಚಾಗಿದೆ ಎಂದು ಆಕೆಯ ತೀರ್ಮಾನ. ಮಜ್ಜಿಗೆ ಕುಡಿದಳು, ತಲೆಗೆ ಔಡಲೆಣ್ಣೆ ಒತ್ತಿಕೊಂಡಳು. ಈ ವಯಸ್ಸಿನಲ್ಲಿ ಎಂಥ ಉಷ್ಣ ಅತ್ತೀ ಎಂದು ನಾನು ನಕ್ಕೆ, ಆಕೆಯೂ ನಕ್ಕಳು.

ಆ ದಿನ ನನಗೆ ಹಗಲು ಪಾಳಿ. ಹೊರಡುವಾಗ ಗಂಡ ಈರಪ್ಪ ಹಗೇವಿನ ಬಾಯಿಯ ಮಣ್ಣು ಕೆತ್ತುತ್ತಿದ್ದ. ಜೋಳಕ್ಕೆ ಒಳ್ಳೆಯ ರೇಟು ಬಂದಿತ್ತು, ನಾಲ್ಕು ಚೀಲ ತೆಗೆಯುವುದಿತ್ತು. ಇಳಿಯುವವರು ಯಾರು ಎಂಬುದೇ ತಾಯಿ ಮಗನ ಜಗಳ. ತಾನೇ ಇಳಿಯುವುದು ಎಂದು ಅತ್ತೆ ಸೀರೆ ಕಚ್ಚೆ ಹಾಕಿ ನಿಂತಿದ್ದಳು. ಇಷ್ಟು ವರ್ಷ ಮೂಲೆಯಲ್ಲಿ ಕೂತದ್ದು ಸಾಕಾಗಿದೆ ಎಂದಳು. ನಾನು ಆಕೆಯ ಪರವಾಗಿಯೇ ಮಾತಾಡಿ ಗಾಡಿ ಹತ್ತಿದೆ.

ಲ್ಯಾಬಿನಲ್ಲಿ ನನ್ನ ಮೇಜಿನ ಮೇಲೆ ಒಂದು ಡಬ್ಬಿ ಇತ್ತು. ದೂರದ ಹಳ್ಳಿಯ ರೈತರೊಬ್ಬರು ಗೇಟಿನಲ್ಲಿ ಕೊಟ್ಟು ಹೋದದ್ದು. ತಮ್ಮ ಹಗೇವಿನ ಜೋಳ ಕರ್ರಗಾಗಿದೆ, ಮಣ್ಣು ಬೆರೆತಿದೆ, ತಿನ್ನಬಹುದೋ ನೋಡಿ ಹೇಳಿ ಎಂದಿದ್ದರಂತೆ. ಮುಚ್ಚಳ ತೆಗೆದೆ. ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. ಥೂ ಎಂದು ಮುಖ ತಿರುಗಿಸಿ, ಕಿಟಕಿ ತೆಗೆದು ಬಂದೆ. ಮತ್ತೆ ಬಗ್ಗಿ ಮೂಸಿದೆ, ಇನ್ನೂ ಒಮ್ಮೆ ಮೂಸಿದೆ. ಕಡೆಗೆ ವಾಸನೆ ಇರಲಿಲ್ಲ. ಹೋಯಿತು ಪೀಡೆ ಎಂದುಕೊಂಡೆ.

ಆದರೂ ರೂಢಿ ನೋಡಿ. ಹೈಡ್ರೋಜನ್ ಸಲ್ಫೈಡ್ ಇದೆಯೋ ಇಲ್ಲವೋ ಎಂದು ಗೊತ್ತುಮಾಡಲು ಸೀಸದ ಉಪ್ಪು ಸವರಿದ ಬಿಳಿ ಕಾಗದ ಇರುತ್ತದೆ. ಒಂದು ಚೂರು ಹರಿದು ಡಬ್ಬಿಯ ಬಾಯಿಗೆ ಹಿಡಿದೆ. ನೋಡನೋಡುತ್ತ ಕಾಗದ ಕಪ್ಪಾಯಿತು. ಅಂಚಿನಿಂದ ನಡುವಿನವರೆಗೆ, ಕಾಡಿಗೆಯಷ್ಟು ಕಪ್ಪು.

ವಾಸನೆ ಇಲ್ಲ, ಅನಿಲ ಇದೆ. ಓದುವಾಗ ಕಲಿತದ್ದು ಈಗ ನೆನಪಾಯಿತು: ಈ ವಿಷ ಮೊದಲು ಮೂಗನ್ನು ಕೊಲ್ಲುತ್ತದೆ. ಒಂದಿಷ್ಟು ಹೊತ್ತು ಮೂಸಿದವನಿಗೆ, ಇಲ್ಲವೇ ಅನಿಲ ದಟ್ಟವಾಗಿದ್ದ ಕಡೆ ಮೂಗು ಹಾಕಿದವನಿಗೆ, ವಾಸನೆಯೇ ತಿಳಿಯುವುದಿಲ್ಲ. ಕೌಂಡಿನ್ಯರ ಜೀವಿಗಳು ಸತ್ತಿರಲಿಲ್ಲ. ಕತ್ತಲಲ್ಲಿ, ಗಾಳಿ ಇಲ್ಲದ ಕಡೆ, ಜೋಳದ ದೂಳು ತಿಂದು ಮೊದಲನೇ ತೊಟ್ಟಿಯ ಕೆಲಸವನ್ನೇ ಮತ್ತೆ ಹಿಡಿದಿದ್ದವು. ಹಳದಿ ಗಂಧಕವನ್ನು ತಿರುಗಿ ವಿಷ ಮಾಡುತ್ತಿದ್ದವು. ಆ ಅನಿಲಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಬೆಳ್ಳಿ ಎಂದುಕೊಂಡ ಕೂಡಲೇ ಅತ್ತೆಯ ಕರಡಿಗೆ ಕಣ್ಣಮುಂದೆ ಬಂತು, ಆಕೆಯ ಕೋಣೆಯ ಮೂಲೆಯಲ್ಲಿದ್ದ ಮಣ್ಣು ಬಂತು. ಆಮೇಲೆ ಹಗೇವು.

ಈರಪ್ಪನ ಫೋನ್ ರಿಂಗಾಯಿತು, ರಿಂಗಾಯಿತು, ಎತ್ತಲಿಲ್ಲ. ಮೌಲಾಲಿಯ ಬೈಕಿನ ಕೀ ಕಸಿದುಕೊಂಡು, ನೀನು ಉಸಿರಾಟದ ಸಿಲಿಂಡರ್ ಸೆಟ್ ಹೇರಿಕೊಂಡು ಜೀಪಿನಲ್ಲಿ ನಮ್ಮ ಮನೆಗೆ ಬಾ ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ. ನನ್ನ ಮುಖ ಹಾಗಿತ್ತಂತೆ.

ಹಿತ್ತಲಲ್ಲಿ ಓಣಿಯ ನಾಲ್ಕು ಜನ ನಿಂತಿದ್ದರು. ಹಗೇವಿನ ಬಾಯಿಯಿಂದ ಏಣಿಯ ತುದಿ ಮೇಲೆ ಚಾಚಿತ್ತು. ಈರಪ್ಪ ಕಂದೀಲಿನ ಹಗ್ಗ ಹಿಡಿದು ಬಗ್ಗಿ ಕೂಗುತ್ತಿದ್ದ. ಯವ್ವಾ, ಯವ್ವಾ. ನಾನು ಬೈಕು ಬೀಳಿಸಿ ಓಡಿದೆ. ಮುಂಜಾನೆ ಬಾಯಿ ತೆಗೆದಾಗ ಕೊಳೆತ ವಾಸನೆ ಬಂದಿತ್ತಂತೆ. ಎಲ್ಲರೂ ಬಾಯಿಯ ಸುತ್ತ ಕೂತು ಕಾದರಂತೆ, ವಾಸನೆ ಹೋಯಿತಂತೆ. ಕಂದೀಲು ಬಿಟ್ಟರು, ಚೆನ್ನಾಗಿ ಉರಿಯಿತು. ಸೊಂಟಕ್ಕೆ ಹಗ್ಗ ಕಟ್ಟಿಕೋ ಎಂದರೆ ನನ್ನೇನು ಎಮ್ಮೆ ಮಾಡೀಯಾ ಎಂದು ಬೈದು ಅತ್ತೆ ಏಣಿ ಇಳಿದಳಂತೆ. ಕೆಳಗೆ ಕಾಲಿಟ್ಟವಳು ಏನೋ ಹೇಳಲು ಮುಖ ಎತ್ತಿದಳು, ಹಾಗೇ ಕೂತಳು, ಒರಗಿದಳು. ನಾನು ಬರುವುದಕ್ಕೆ ಒಂದು ನಿಮಿಷ ಮುಂಚೆ.

ಬಗ್ಗಿ ನೋಡಿದೆ. ಜೋಳದ ರಾಶಿಯ ಮೇಲೆ ಅತ್ತೆ ಮಲಗಿದ್ದಳು. ಪಕ್ಕದಲ್ಲಿ ಕಂದೀಲು ನೆಟ್ಟಗೆ ಉರಿಯುತ್ತಿತ್ತು, ದೇವರ ಕೋಣೆಯ ದೀಪದಷ್ಟು ಸುಮ್ಮನೆ. ಸಾವಿರದಲ್ಲಿ ಒಂದು ಪಾಲು ಈ ಅನಿಲ ಸಾಕು ಮನುಷ್ಯನಿಗೆ. ದೀಪಕ್ಕೆ ಅದು ಲೆಕ್ಕಕ್ಕೇ ಇಲ್ಲ. ಉಳಿದ ಗಾಳಿಯಲ್ಲಿ ಅದು ಆರಾಮಾಗಿ ಉರಿಯುತ್ತದೆ. ನನ್ನ ಕಣ್ಣು ಉರಿಯತೊಡಗಿದವು.

ಈರಪ್ಪ ಏಣಿಗೆ ಕಾಲಿಟ್ಟಿದ್ದ. ನಾನು ಅವನನ್ನು ನೂಕಿ ಹಗೇವಿನ ಬಾಯಿಗೆ ಅಡ್ಡ ಬಿದ್ದೆ. ಏಣಿ ಪಕ್ಕೆಗೆ ಒತ್ತಿತು.

"ಏಳು. ನಮ್ಮವ್ವ ಒಳಗದಾಳ."

"ನೀವು ಇಳದ್ರ ನೀವೂ ಏಳಂಗಿಲ್ಲ. ವಿಷದ ಗಾಳಿ ಐತಿ."

"ಕಂದೀಲ ಉರಿಯಾಕತ್ತೈತಿ, ಕಣ್ಣ ಕಾಣ್ಸಂಗಿಲ್ಲೇನು ನಿನಗ? ವಾಸನೀ ಇಲ್ಲ, ಏನಿಲ್ಲ. ಏಳಂತೀನಿ."

"ಕಂದೀಲ ಸುಳ್ಳು ಹೇಳಾಕತ್ತೈತಿ. ನಾ ಏಳಂಗಿಲ್ಲ. ಬೇಕಾದ್ರ ನನ್ನ ತುಳದು ಹೋಗ್ರಿ."

ಅವನು ನನ್ನ ರಟ್ಟೆ ಹಿಡಿದು ಎಳೆದ. ಸಂಸಾರದಲ್ಲಿ ಒಮ್ಮೆಯೂ ನನ್ನ ಮೇಲೆ ಕೈ ಎತ್ತಿದವನಲ್ಲ, ಅವತ್ತು ಎಳೆದ ಗುರುತು ಎಷ್ಟೋ ದಿನ ಹಸಿರಾಗಿತ್ತು. ನಾನು ಏಣಿಯ ಮೆಟ್ಟಿಲಿಗೆ ಕೈ ಸಿಕ್ಕಿಸಿ ಹಿಡಿದುಕೊಂಡೆ. ಇವರನ್ನು ಹಿಡೀರಿ ಎಂದು ಓಣಿಯವರಿಗೆ ಕೂಗಿದೆ. ಅವರು ಅನುಮಾನದಿಂದಲೇ ಹಿಡಿದರು. ಸೊಸೆಗೆ ತಲೆ ಕೆಟ್ಟಿದೆ ಎಂದು ಒಬ್ಬಾಕೆ ಅಂದದ್ದು ನನಗೆ ಕೇಳಿಸಿತು. ಕೆಳಗೆ ಅತ್ತೆ, ಮೇಲೆ ಅವಳ ಮಗ, ನಡುವೆ ನಾನು. ಅವಳಿಗೆ ಇನ್ನೂ ಜೀವ ಇದ್ದರೆ? ಈ ಒಂದು ಮಾತು ತಲೆಯಲ್ಲಿ ಗಿರ್ರೆಂದು ತಿರುಗುತ್ತಿತ್ತು. ಆದರೂ ಏಳಲಿಲ್ಲ. ಜೀಪಿನ ಸಪ್ಪಳ ಕೇಳುವವರೆಗೆ ನಾನು ಏಳಲೇ ಇಲ್ಲ.

ಮೌಲಾಲಿ ಮುಖಕ್ಕೆ ಮಾಸ್ಕು ಹಾಕಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿದ. ಅತ್ತೆಯನ್ನು ಹಗ್ಗದಿಂದ ಎತ್ತಿದೆವು. ಎಷ್ಟು ಹಗುರ ಇದ್ದಳು. ಪ್ಲ್ಯಾಂಟಿನ ಡಾಕ್ಟರು ಬಂದು ಎದೆ ಒತ್ತಿ, ಕಣ್ಣು ಬಿಡಿಸಿ ನೋಡಿ, ಮೊದಲ ಒಂದೆರಡು ಉಸಿರಿಗೇ ಹೋಗಿದ್ದಾರೆ ಎಂದರು. ಮುಂಜಾನೆ ವಿಭೂತಿಯಿಂದ ತಿಕ್ಕಿ ಬೆಳ್ಳಗೆ ಮಾಡಿದ್ದ ಕರಡಿಗೆ ಎದೆಯ ಮೇಲೆ ರೊಟ್ಟಿಯ ಹೆಂಚಿನಷ್ಟು ಕಪ್ಪಗಾಗಿತ್ತು. ಕಂದೀಲನ್ನೂ ಯಾರೋ ಎಳೆದು ಅಂಗಳದಲ್ಲಿ ಇಟ್ಟರು. ಉರಿಯುತ್ತಲೇ ಇತ್ತು. ಅದನ್ನು ಆರಿಸಲು ಯಾರಿಗೂ ಕೈ ಬರಲಿಲ್ಲ.

ಕೌಂಡಿನ್ಯರಿಗೆ ಫೋನ್ ಮಾಡಿದೆ. ಅವರು ಕಂಟ್ರೋಲ್ ರೂಮಿನಲ್ಲೇ ಇದ್ದರು.

"ಸಾಧ್ಯ ಇಲ್ಲಮ್ಮ. ಹೊರಗೆ ಬಂದ ಮೇಲೆ ಅವು ಸತ್ತುಹೋಗಿರಬೇಕು" ಎಂದರು.

"ಅವು ಸತ್ತಿಲ್ಲ ಸರ್, ಮಲಗಿದ್ದವು. ಸತ್ತದ್ದು ನಮ್ಮ ಅತ್ತೆ."

ಹೋಳಿಗೆ ಮಾಡಿದ್ದರಲ್ಲ, ಆ ಅಮ್ಮನಾ ಎಂದು ಕೇಳಿದರು. ಹೌದು ಎಂದೆ. ಮಣ್ಣು ಎಷ್ಟು ಊರಿಗೆ ಹೋಗಿದೆ ಎಂದು ಅವರೇ ತಮ್ಮಷ್ಟಕ್ಕೆ ಅಂದುಕೊಂಡರು. ಅಷ್ಟು ಹೊತ್ತು ನನಗೆ ನಮ್ಮ ಹಗೇವು ಬಿಟ್ಟರೆ ಬೇರೆ ಹಗೇವು ನೆನಪಾಗಿರಲಿಲ್ಲ. ಜೋಳಕ್ಕೆ ರೇಟು ಬಂದದ್ದು ಕರಿಮಟ್ಟಿಗೆ ಮಾತ್ರವೇ?

ಅತ್ತೆಯನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ನಾನು ಜೀಪು ಹತ್ತಿದೆ. ಹೆಣ ಮನೆಯಲ್ಲಿಟ್ಟು ಸೊಸೆ ಊರೂರು ತಿರುಗಿದಳು ಎಂದು ಈಗಲೂ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಕೌಂಡಿನ್ಯರು ಇನ್ನೊಂದು ಗಾಡಿಯಲ್ಲಿ ಹೋದರು. ಅವರ ಮಾತು ಈ ಕಡೆಯವರಿಗೆ ಸರಿಯಾಗಿ ತಿಳಿಯಲಿಕ್ಕಿಲ್ಲ ಎಂದು ಮೌಲಾಲಿಯ ಕೈಗೆ ಮೈಕು ಕೊಟ್ಟಿದ್ದರು. ಹಗೇವು ತೆಗೆಯಬೇಡಿರಿ, ತೆಗೆದಿದ್ದರೆ ಇಳಿಯಬೇಡಿರಿ, ಕಂದೀಲು ಉರಿದರೂ ಇಳಿಯಬೇಡಿರಿ ಎಂದು ನಾನು ಕೂಗಿದೆ. ಜನ ಬಾಯಿ ತೆರೆದು ನೋಡಿದರು. ಕಂದೀಲು ಉರಿದರೂ ಎಂಬ ಮಾತು ಅವರ ಕಿವಿಗೆ ಹೋಗುತ್ತಿರಲಿಲ್ಲ. ಒಂದು ಊರಿಗೆ ನಾವು ತಡವಾಗಿ ಮುಟ್ಟಿದೆವು. ಅಲ್ಲಿ ಅಪ್ಪ ಇಳಿದಿದ್ದ, ಅಪ್ಪನನ್ನು ಎತ್ತಲು ಮಗ ಇಳಿದಿದ್ದ, ಇಬ್ಬರನ್ನೂ ಎತ್ತಲು ಪಕ್ಕದ ಮನೆಯವ ಇಳಿದಿದ್ದ. ಅಲ್ಲಿ ಹಗೇವಿನ ಬಾಯಿಗೆ ಅಡ್ಡ ಬೀಳುವವರು ಯಾರೂ ಇರಲಿಲ್ಲ. ಅಲ್ಲಿಯೂ ಕಂದೀಲು ಉರಿಯುತ್ತಿತ್ತು.

ಗೋಪುರವನ್ನು ನಿಲ್ಲಿಸಬೇಕೇ ಎಂದು ಈಗ ವಾದ ನಡೆದಿದೆ. ನಿಲ್ಲಿಸಿದರೆ ಊರು ಮತ್ತೆ ಕೆಮ್ಮುತ್ತದೆ. ಗಾಳಿ ತೊಳೆದದ್ದು ಒಳ್ಳೆಯದೇ ಆಯಿತು, ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಗಾಳಿಯಿಂದ ತೊಳೆದು ತೆಗೆದದ್ದು ಎಲ್ಲಿಗೆ ಹೋಯಿತು, ಅಲ್ಲಿ ಏನು ಮಾಡುತ್ತಿದೆ ಎಂದು ನೋಡುವವರು ಬೇಕಿತ್ತು. ಈಗ ಮಣ್ಣನ್ನು ಕುದಿಸಿ, ಒಣಗಿಸಿ, ಪ್ಲ್ಯಾಂಟಿನೊಳಗೇ ಇಡುತ್ತೇವೆ. ಚಿಮಣಿಯ ಮೀಟರು ಇವತ್ತೂ ಸೊನ್ನೆ ತೋರಿಸುತ್ತದೆ.

ಈರಪ್ಪ ಆ ದಿನ ನನ್ನ ಜೊತೆ ಮಾತಾಡಲಿಲ್ಲ. ಮಾರನೇ ದಿನ ಹೊಲದಲ್ಲಿ ಮಾವನ ಸಮಾಧಿಯ ಪಕ್ಕದಲ್ಲಿ ಗುಂಡಿ ತೋಡಿದ್ದರು. ನಮ್ಮಲ್ಲಿ ಹೆಣವನ್ನು ಕೂರಿಸಿ ಮಣ್ಣು ಕೊಡುತ್ತಾರೆ, ಅದಕ್ಕೆ ಒಬ್ಬರು ಗುಂಡಿಗೆ ಇಳಿದು ಮೈಯನ್ನು ತೆಗೆದುಕೊಳ್ಳಬೇಕು. ಇಳಿಯುವವನು ಮಗ. ಎಲ್ಲರೂ ಕಾದರು. ಸ್ವಾಮಿಗಳು ಬೇಗ ಎಂದರು. ಈರಪ್ಪ ಗುಂಡಿಯ ಅಂಚಿಗೆ ಹೋಗಿ ಒಳಗೆ ನೋಡಿದ. ಆಮೇಲೆ ತಿರುಗಿ, ಜನರ ನಡುವೆ ನನ್ನನ್ನು ಹುಡುಕಿದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಅಷ್ಟು ದೊಡ್ಡ ಮನುಷ್ಯ, ಕೂಸಿನ ಹಾಗೆ ಕೇಳಿದ.

"ಮಹಾನಂದಾ, ಈಗರ ಇಳೀಲೇನು?"